ಟೊವಾರ್ಸಿಯನ್ ಹಂತವನ್ನು ಬಂಡೆಯಲ್ಲಿ ಗುರುತಿಸುವುದು ಹೇಗೆ

ಆರಂಭಿಕ ಜುರಾಸಿಕ್‌ನ ಕೊನೆಯ ಹಂತ ಟೊವಾರ್ಸಿಯನ್. ಈಚಿನ ಅಂತರರಾಷ್ಟ್ರೀಯ ಕಾಲಪಟ್ಟಿಯ ಪ್ರಕಾರ ಅದು ಸುಮಾರು 18.42 ಕೋಟಿ ವರ್ಷಗಳ ಹಿಂದೆ ಶುರುವಾಗಿ 17.47 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಹಳೆಯ ಪಟ್ಟಿಗಳಲ್ಲಿ 18.27 ಮತ್ತು 17.41 ಎಂದಿದೆ. ಅಂಕಿ ಬದಲಾದರೂ ಗಡಿ ಬದಲಾಗದು, ಏಕೆಂದರೆ ಗಡಿಯನ್ನು ನಿಗದಿ ಮಾಡಿರುವುದು ಕಲ್ಲಿನಲ್ಲಿ: ಪೋರ್ಚುಗಲ್‌ನ ಪೆನಿಶ್ ಕರಾವಳಿಯಲ್ಲಿ, ಇಯೊಡ್ಯಾಕ್ಟಿಲೈಟಿಸ್ ಗುಂಪಿನ ಅಮೊನೈಟ್‌ಗಳು (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲ ಪ್ರಾಣಿಗಳು) ಮೊದಲು ಕಾಣಿಸುವ ಪದರದ ತಳದಲ್ಲಿ.

ಕೆಲಸ ಕೆಳಗಿನ ಪದರದಿಂದ ಶುರುವಾಗಲಿ. ದಪ್ಪವನ್ನು ಪದರಕ್ಕೆ ಲಂಬವಾಗಿಯೇ ಅಳೆಯಿರಿ. ಪದರಗಳು 30 ಡಿಗ್ರಿ ವಾಲಿದ್ದರೆ, ವಾಲಿದ ದಿಕ್ಕಿನಲ್ಲೇ ಸಮತಟ್ಟು ನೆಲದ ಮೇಲೆ ಅಳೆದ 10 ಮೀಟರ್ ನಿಜಕ್ಕೆ 5 ಮೀಟರ್ ದಪ್ಪ ಮಾತ್ರ. ಪ್ರತಿ ಪದರಕ್ಕೂ ಸಂಖ್ಯೆ ಕೊಟ್ಟು, ಪಳೆಯುಳಿಕೆ ಕೀಳುವ ಮೊದಲೇ ಅದರ ಎತ್ತರ ಬರೆದುಕೊಳ್ಳಿ. ಬಂಡೆಯ ಬುಡದಲ್ಲಿ ಉದುರಿ ಬಿದ್ದವುಗಳಿಗೆ ಬೇರೆ ಚೀಲ. ಅವು ನೋಡಲು ಚೆಂದ, ಗಡಿ ಹೇಳಲು ಪ್ರಯೋಜನವಿಲ್ಲ.

ಇನ್ನು ಅಮೊನೈಟ್ ಓದುವುದು. ಚಿಪ್ಪಿನ ಹೊರ ಅಂಚನ್ನು ಮೊದಲು ನೋಡಿ. ಅಂಚಿನ ಏಣು ಹೆಣೆದ ಹಗ್ಗದಂತಿದ್ದರೆ ಅದು ಪ್ಲೂರೊಸೆರಾಸ್, ನೀವಿನ್ನೂ ಕೆಳಗಿನ ಪ್ಲೀನ್ಸ್‌ಬಾಕಿಯನ್ ಹಂತದಲ್ಲಿದ್ದೀರಿ. ಏಣೇ ಇಲ್ಲದೆ, ಸುತ್ತುಗಳೆಲ್ಲ ಬಿಚ್ಚಿ ಕಾಣುತ್ತ, ಏರುಗೆರೆಗಳು ಅಂಚನ್ನು ದಾಟಿ ಆಚೆ ಬದಿಗೂ ಹೋಗಿದ್ದರೆ ಡ್ಯಾಕ್ಟಿಲಿಯೊಸೆರಾಸ್. ಚಪ್ಪಟೆ ಚಿಪ್ಪು, ಚೂಪಾದ ಏಣು, ಕುಡುಗೋಲಿನಂತೆ ಬಾಗಿದ ಗೆರೆಗಳಿದ್ದರೆ ಹಾರ್ಪೊಸೆರಾಸ್. ಏಣಿನ ಎರಡೂ ಪಕ್ಕ ಕಾಲುವೆ, ಬದಿಯ ನಡುವೆ ಸುರುಳಿಯುದ್ದಕ್ಕೂ ಒಂದು ತಗ್ಗು ಇದ್ದರೆ ಹಿಲ್ಡೊಸೆರಾಸ್ ಬೈಫ್ರಾನ್ಸ್, ಅಂದರೆ ನೀವಿರುವುದು ಬೈಫ್ರಾನ್ಸ್ ವಲಯ (ವಲಯವೆಂದರೆ ಅಮೊನೈಟ್‌ನಿಂದ ಗುರುತಿಸುವ, ಹಂತದೊಳಗಿನ ಚಿಕ್ಕ ವಿಭಾಗ). ಹೊಸಬರು ಎಡವುವುದು ಡ್ಯಾಕ್ಟಿಲಿಯೊಸೆರಾಸ್‌ನಲ್ಲಿ: ಈ ಕುಲ ತಳದ ಟೆನ್ಯುಕೊಸ್ಟಾಟಮ್ ವಲಯದಿಂದ ಬೈಫ್ರಾನ್ಸ್‌ವರೆಗೂ ಸಿಗುತ್ತದೆ. ಜಾತಿ ಗುರುತಿಸದೆ ಬರೀ ಕುಲದ ಹೆಸರಿನಿಂದ ವಲಯ ಹೇಳಬೇಡಿ. ಮೇಲ್ಗಡಿಯಲ್ಲಿ ಪ್ಲೀಡೆಲಿಯ ಎಂಬ ಅಮೊನೈಟ್ ಮುಗಿಯುತ್ತ ಲಿಯೊಸೆರಾಸ್ ಬಂದರೆ ಮುಂದಿನ ಹಂತವಾದ ಆಲೀನಿಯನ್ ಶುರು. ಇವೆರಡೂ ಬಹಳ ಹೋಲುತ್ತವೆ, ಒಂದೇ ಮುರುಕು ತುಂಡು ನೆಚ್ಚಿ ತೀರ್ಮಾನಿಸುವುದು ಅಪಾಯ.

ವಲಯದ ಹೆಸರುಗಳೂ ಎಲ್ಲೆಡೆ ಒಂದೇ ಅಲ್ಲ. ಇಂಗ್ಲೆಂಡಿನ ವಿಟ್ಬಿಯಲ್ಲಿ ಟೆನ್ಯುಕೊಸ್ಟಾಟಮ್ ಎನ್ನುವುದಕ್ಕೆ ಪೆನಿಶ್‌ನಲ್ಲಿ ಪಾಲಿಮಾರ್ಫಮ್ ಎನ್ನುತ್ತಾರೆ. ಸವೆದು ದುಂಡಾದ, ಒಳಗೆ ಬೇರೆ ಬಣ್ಣದ ಮಣ್ಣು ತುಂಬಿದ ಚಿಪ್ಪು ಹಳೆಯ ಪದರದಿಂದ ಕೊಚ್ಚಿ ಬಂದದ್ದಿರಬಹುದು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಮೊನೈಟ್ ಸಿಗದ ಕಡೆ ಇಂಗಾಲದ ಐಸೊಟೋಪ್ (ಒಂದೇ ಧಾತುವಿನ, ಬೇರೆ ತೂಕದ ಪರಮಾಣು) ನೆರವಿಗೆ ಬರುತ್ತದೆ. ಹಂತದ ಆರಂಭದ ನಂತರ ಕಡಲ ನೀರಿನಲ್ಲಿ ಆಮ್ಲಜನಕ ಕುಸಿದ ಕಾಲದ ಕಪ್ಪು ಶೇಲ್‌ಗಳಲ್ಲಿ (ಕೆಸರು ಗಟ್ಟಿಯಾಗಿ ಆದ ಪದರಗಲ್ಲು) ಇಂಗಾಲ-13ರ ಮೌಲ್ಯ ಥಟ್ಟನೆ ಇಳಿಯುತ್ತದೆ. ಮೇಲ್ಮೈಯ ಸವೆದ ಭಾಗ ಕೆತ್ತಿ ತೆಗೆದು ಒಳಗಿನ ತಾಜಾ ಕಲ್ಲನ್ನೇ ತೆಗೆದುಕೊಳ್ಳಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣದಂಶ ಕರಗಿಸಿದ ಬಳಿಕವೇ ಸಾವಯವ ಇಂಗಾಲ ಅಳೆಯಿಸಿ. ಸುಣ್ಣ ಉಳಿದರೆ ಇಳಿತ ಮಸುಕಾಗುತ್ತದೆ. ಆದರೆ ಕಪ್ಪು ಶೇಲ್ ಕಂಡಲ್ಲೆಲ್ಲ ಟೊವಾರ್ಸಿಯನ್ ಅನ್ನುವಂತಿಲ್ಲ, ಅಂಥ ಕಲ್ಲು ಬೇರೆ ಕಾಲಗಳಲ್ಲೂ ಉಂಟು.

ಈ ಶೇಲ್‌ಗಳ ಪಳೆಯುಳಿಕೆಗಳಲ್ಲಿ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಹೆಚ್ಚು. ತೇವ ತಗಲಿದರೆ ಅದು ಗಂಧಕಾಮ್ಲವಾಗಿ ಚಿಪ್ಪನ್ನೂ ಚೀಟಿಯನ್ನೂ ತಿನ್ನುತ್ತದೆ. ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.