ನವೆಂಬರಿನ ಕತ್ತರಿ: ಪಾಂಡವಪುರದ ದ್ರಾಕ್ಷಿ ತೋಟದಲ್ಲಿ ನನ್ನ ಅನುಭವ

ಬೆಂಗಳೂರು ನೀಲಿ ದ್ರಾಕ್ಷಿಗೆ ಅಕ್ಟೋಬರ್ ಶುರುವಿನಲ್ಲೇ ಕತ್ತರಿ ಬೀಳಬೇಕು ಅನ್ನುವವರು ಮಂಡ್ಯದ ಮಳೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆಗ ಕಡ್ಡಿ ಕತ್ತರಿಸಿ ಸವರಿದರೆ ಎಳೆ ಚಿಗುರೂ ಹೂಗೊಂಚಲೂ ಡೌನಿ ಅನ್ನುವ ಬೂಷ್ಟು ರೋಗದ ಪಾಲು. ಈ ತಳಿ ಚಿಬ್ಬು ರೋಗ ತಡೆದೀತು, ಡೌನಿ ತಡೆಯದು.

ತೋಟಗಾರಿಕೆ ಪದವಿಯ ಕೊನೇ ವರ್ಷದ ಕಾರ್ಯಾನುಭವಕ್ಕೆ ನನಗೆ ಸಿಕ್ಕಿದ್ದು ಪಾಂಡವಪುರದ ಹತ್ತಿರದ 2 ಎಕರೆ ಚಪ್ಪರ. ಹಿಂದಿನ ಸಲ ತೋಟದ ಯಜಮಾನರಾದ ಗೌಡರು ಔಷಧಿಗೇ ಎಕರೆಗೆ ಸುಮಾರು 40 ಸಾವಿರ ಸುರಿದಿದ್ದರು, ಹೂವು ಮಾತ್ರ ಉಳಿದಿರಲಿಲ್ಲ. ನವೆಂಬರಿಗೆ ಸವರೋಣ ಅಂದೆ. "ಬುಡವ್ವ, ಊರೋರೆಲ್ಲ ಕಾಯಿ ನೋಡೋವಾಗ ನಾವು ಬರೀ ಕಡ್ಡಿ ನೋಡ್ಕಂಡು ಕೂರದಾ?" ಅಂದರು. ಕೊನೆಗೆ ಅರ್ಧ ಬಿಟ್ಟುಕೊಟ್ಟರು.

ಅಕ್ಟೋಬರಿನಲ್ಲೇ ಸವರಿದ ಅವರ ಅರ್ಧದಲ್ಲಿ ಬೆಳಗ್ಗೆ ಬೋರ್ಡೋ ದ್ರಾವಣ ಹೊಡೆದರೆ ಸಂಜೆಗೆ ಮಳೆ. ಮೈಲುತುತ್ತ, ಸುಣ್ಣ, ಆಳು, ಡೀಸೆಲ್ ಸೇರಿ ಒಂದು ಸುತ್ತು ಸಿಂಪಡಣೆಗೆ ಎರಡೂವರೆ ಮೂರು ಸಾವಿರ ಹೋಗುತ್ತಿತ್ತು. ನನ್ನ ಅರ್ಧ ನವೆಂಬರ್ ನಡುವಿನವರೆಗೆ ಹಾಗೇ ನಿಂತಿತ್ತು. ಸವರಿದ ಮೇಲೂ ಚಳಿಗೆ ಕಡ್ಡಿಯ ಕಣ್ಣು (ಚಿಗುರು ಬರುವ ಮೊಗ್ಗು) ಬೇಗ ಒಡೆಯಲಿಲ್ಲ, ಪಕ್ಕದ ತೋಟದವರು ದಿನಾ ಬಂದು ನೋಡಿ ತಲೆಯಾಡಿಸುತ್ತಿದ್ದರು. ಎಲ್ಲ ಕಣ್ಣೂ ಒಟ್ಟಿಗೆ ಒಡೆಯಲು ಏನು, ಎಷ್ಟು ಹಚ್ಚಿದೆ ಅನ್ನುವುದು ನನಗೂ ಗೌಡರಿಗೂ ಮಾತ್ರ ಗೊತ್ತು.

ದುಡ್ಡು ಉಳಿಸಿದ್ದು ಕವರ್ ಪರೀಕ್ಷೆ. ಡೌನಿಯ ಎಣ್ಣೆ ಮಚ್ಚೆ ಬಿದ್ದ ಎಲೆಯನ್ನು ಒದ್ದೆ ಹತ್ತಿಯ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ರಾತ್ರಿ ಕತ್ತಲಲ್ಲಿಡುತ್ತಿದ್ದೆ. ಬೆಳಗ್ಗೆ ಎಲೆಯಡಿ ಬಿಳಿ ಬೂಷ್ಟು ಬಂದಿದ್ದರೆ ರೋಗ ಜೀವಂತ, ಅಂದೇ ಸಿಂಪಡಣೆ. ಇಲ್ಲದಿದ್ದರೆ ಪಂಪು ಮುಟ್ಟುತ್ತಿರಲಿಲ್ಲ. ಔಷಧಿ ಖರ್ಚು 15 ಸಾವಿರ ದಾಟಲಿಲ್ಲ.

ನಡುವೆ ಒಂದು ಸಾಲಿಗೆ ಬೂದಿ ರೋಗಕ್ಕೆಂದು ಹುಳಿ ಮಜ್ಜಿಗೆ ಹೊಡೆದೆ. ಒಂದು ವಾರ ತಡೆಯಿತು, ಆಮೇಲೆ ಮತ್ತೆ ಬೂದಿ ಹತ್ತಿತು, ಗಂಧಕವೇ ಬೇಕಾಯಿತು. ಸವರಿದ ಕಡ್ಡಿಗಳಲ್ಲಿ ನಾಲ್ಕು ಕಣ್ಣಿನವನ್ನು ಆರಿಸಿ ಮರಳು ಮಣ್ಣಿಗೆ ಚುಚ್ಚಿದೆ, ಅರ್ಧಕ್ಕಿಂತ ಹೆಚ್ಚು ಬೇರು ಬಿಟ್ಟವು. ಬೇರು ಬರಿಸುವ ಆ ಕೆಲಸದ ಬಗ್ಗೆಯೇ ಬೇರೆ ಬರೆಯಬೇಕು.

ಕಾರ್ಯಾನುಭವದ ಅವಧಿ ಡಿಸೆಂಬರಿಗೇ ಮುಗಿದರೂ ಕಟಾವಿನವರೆಗೆ ಭಾನುವಾರಗಳಲ್ಲಿ ಹೋಗುತ್ತಿದ್ದೆ. ಏಪ್ರಿಲಿನಲ್ಲಿ ನನ್ನ ಎಕರೆ 8 ಟನ್ ಹತ್ತಿರ ಕೊಟ್ಟಿತು, ಅವರದು ಅದರ ಅರ್ಧ. ವ್ಯಾಪಾರಿ ತೋಟದಲ್ಲೇ ಕೆಜಿಗೆ 30ರ ಆಸುಪಾಸು ಕೊಟ್ಟ. ಈ ಸಲ ಗೌಡರು 2 ಎಕರೆಯನ್ನೂ ನವೆಂಬರಿಗೇ ಇಟ್ಟಿದ್ದಾರೆ.

ನಾಲೆ ನೀರೊಂದನ್ನೇ ನಂಬಿದವರು ಇದಕ್ಕೆ ಇಳಿಯಬೇಡಿ. ಕಾಯಿ ಬಣ್ಣ ತಿರುಗುವುದು ಮಾರ್ಚ್ ಬಿಸಿಲಲ್ಲಿ. ಆಗ ಹನಿ ನೀರು ತಪ್ಪಿದರೆ ಒಂದೇ ಗೊಂಚಲಲ್ಲಿ ಕಪ್ಪು, ಹಸಿರು ಎರಡೂ ಉಳಿಯುತ್ತವೆ.