ಹಳೆ ಬೀರುವಿನ ಬೀಡಿಂಗ್ ಉದುರಿದ್ದರೆ ಹೊಸ ತುಂಡು ಕೂರಿಸುವ ಬಗೆ

ಬೀಡಿಂಗ್ ಎಂದರೆ ಬೀರುವಿನ ಅಂಚಿಗೆ ಕೂರಿಸುವ ಅಲಂಕಾರದ ಮರದ ಪಟ್ಟಿ. ಹೊಸ ತುಂಡು ಕೆತ್ತುವ ಮೊದಲು ಹಳೆಯದು ಯಾಕೆ ಉದುರಿತು ಎಂದು ನೋಡಿಕೊಳ್ಳಿ. ಕಾರಣ ಹಾಗೇ ಉಳಿದರೆ ಹೊಸದೂ ಹೆಚ್ಚು ದಿನ ನಿಲ್ಲದು. ಖಾಲಿ ಜಾಗಕ್ಕೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳು. ಮೊದಲು ಅದಕ್ಕೆ ಮದ್ದು. ಉಗುರಿಗೆ ಗಾಜಿನ ಚೂರಿನಂತೆ ಪುಡಿಯಾಗುವ ಕಂದು ಪದರ ಇದ್ದರೆ ಹಳೆಯ ಸರೇಸು (ಪ್ರಾಣಿಗಳ ತೊಗಲು, ಮೂಳೆಯಿಂದ ಮಾಡುವ ಅಂಟು) ಒಣಗಿ ಬಿಟ್ಟುಕೊಂಡಿದೆ ಎಂದರ್ಥ, ಅದು ಸುಲಭದ ಕೆಲಸ.

ಕಷ್ಟದ್ದು ಮೂರನೆಯ ಕಾರಣ. ಬೀರುವಿನ ಪಕ್ಕದ ಹಲಗೆಯ ಎಳೆ (ಮರದ ನಾರಿನ ಗೆರೆ) ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ನೆತ್ತಿಯ ಬೀಡಿಂಗಿನ ಎಳೆ ಅಡ್ಡಕ್ಕೆ. ಮರ ಉದ್ದಕ್ಕೆ ಕದಲುವುದು ತೀರಾ ಕಡಿಮೆ, ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುತ್ತಲೇ ಇರುತ್ತದೆ. ಮಲೆನಾಡಿನ ಮನೆಯಲ್ಲಿದ್ದ 45 ಸೆಂ.ಮೀ. ಅಗಲದ ತೇಗದ ಹಲಗೆ ಬೆಂಗಳೂರಿನ ಒಣ ಫ್ಲಾಟಿಗೆ ಬಂದರೆ 2ರಿಂದ 5 ಮಿ.ಮೀ. ಕುಗ್ಗಬಹುದು. ಬೀಡಿಂಗನ್ನು ಉದ್ದಕ್ಕೂ ಅಂಟಿಸಿಬಿಟ್ಟಿದ್ದರೆ ಅಂಟು ಬಿಡುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ. ಸೀಳುವುದಕ್ಕಿಂತ ಉದುರಿದ್ದೇ ವಾಸಿ.

ಮರ ಯಾವುದೆಂದು ಬಣ್ಣ ನೋಡಿ ತೀರ್ಮಾನಿಸಬೇಡಿ. ಕಪ್ಪಗೆ ಬಣ್ಣ ಬಳಿದ ತೇಗವನ್ನೂ ಹಲಸನ್ನೂ ಬೀಟೆ ಎಂದು ನಂಬಿದವರು ಬಹಳ. ಬೀಡಿಂಗ್ ಉದುರಿದಲ್ಲಿ ಪಾಲಿಶ್ ತಾಗದ ಮರ ಹೇಗೂ ಕಾಣುತ್ತದೆ, ಅಲ್ಲೇ ನೋಡಿ. ಹೊಸ ಬೀಟೆ ಹಲಗೆಗಾಗಿ ಅಲೆಯುವ ಬದಲು ಮುರಿದ ಮಂಚದ ಕಾಲೋ ಹಳೆ ಕುರ್ಚಿಯ ಕೈಯೋ ಹುಡುಕಿ. ಹಳೆ ಮರ ಚೆನ್ನಾಗಿ ಒಣಗಿರುತ್ತದೆ, ಬಣ್ಣವೂ ಹತ್ತಿರ ಬರುತ್ತದೆ. ಎಳೆ ನೇರವಾಗಿರುವ ತುಂಡೇ ಆಗಬೇಕು.

ಅಂಗಡಿಯ ರೆಡಿಮೇಡ್ ಬೀಡಿಂಗ್ ಹೊಂದುವುದು ಅಪರೂಪ. ಹಳೆಯದು ಕೈಯಲ್ಲಿ ಕೆತ್ತಿದ್ದು. ಒಂದೇ ಪಟ್ಟಿಯಲ್ಲೂ ಅಳತೆ ಅರ್ಧ ಮಿ.ಮೀ. ಆಚೀಚೆ ಇರುತ್ತದೆ. ಹಾಗಾಗಿ ಅಳತೆಯನ್ನು ಖಾಲಿ ಜಾಗದ ಎರಡು ತುದಿಗಳಲ್ಲೇ ತೆಗೆದುಕೊಳ್ಳಿ, ಬೀರುವಿನ ಇನ್ನೊಂದು ಬದಿಯಲ್ಲಿ ಅಲ್ಲ. ಮುರಿದ ತುದಿಗೆ ರಟ್ಟು ಒತ್ತಿ ಏರಿಳಿತವನ್ನು ಪೆನ್ಸಿಲಿನಲ್ಲಿ ಗೀಚಿ, ಅದೇ ಆಕಾರವನ್ನು ತದ್ವಿರುದ್ಧವಾಗಿ ಹಳೆ ಕೈಗರಗಸದ ಅಲಗಿನ ಚೂರಿನಲ್ಲಿ ಅರದಿಂದ ಕೊರೆಯಿರಿ. ಸಾದಾ ಹ್ಯಾಕ್‌ಸಾ ಬ್ಲೇಡ್ ಬೇಡ, ಹಲವು ಬ್ಲೇಡುಗಳಿಗೆ ಅರ ಹತ್ತುವುದಿಲ್ಲ. ಈ ಚೂರನ್ನು ಸೀಳಿದ ಮರದ ಹಿಡಿಯಲ್ಲಿ ಸಿಕ್ಕಿಸಿ ಸ್ಕ್ರೂ ಬಿಗಿದರೆ ನಿಮ್ಮ ಬೀರುವಿಗೆಂದೇ ಹೆರೆಯುವ ಉಪಕರಣ ಸಿದ್ಧ.

ಮೊದಲೇ ತೆಳುಪಟ್ಟಿ ಸೀಳಿಕೊಂಡು ಹೆರೆಯಲು ಹೋದರೆ ಅದು ಬಳುಕಿ ಮುರಿಯುತ್ತದೆ. ಅಗಲದ ಹಲಗೆಗೆ ಹತ್ತರಿ ಹೊಡೆದು, ಅದರ ಅಂಚಿನಲ್ಲೇ ಆಕಾರ ಹೆರೆದು, ಪೂರ್ತಿ ಮೂಡಿದ ಮೇಲೆ ಪಟ್ಟಿಯನ್ನು ಸೀಳಿ ತೆಗೆಯಿರಿ. ಉಪಕರಣವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಹಗುರವಾಗಿ, ಒಂದೇ ದಿಕ್ಕಿಗೆ ಎಳೆಯಬೇಕು. ಮರ ಕಿತ್ತು ಬಂದರೆ ದಿಕ್ಕು ಬದಲಿಸಿ. ಬೇಕಾದದ್ದಕ್ಕಿಂತ 5 ಸೆಂ.ಮೀ. ಉದ್ದ ಇಟ್ಟುಕೊಂಡು ಎರಡು ಪಟ್ಟಿ ಮಾಡಿ. ಒಂದು ಪಟ್ಟಿ ಮೂಲೆ ಕತ್ತರಿಸುವಾಗ ಹಾಳಾಗುವುದು ರೂಢಿ. ಹಳೆ ತುಂಡಿಗೆ ಸೇರುವ ತುದಿಯನ್ನು ನೆಟ್ಟಗೆ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಗೆರೆ ಕಣ್ಣಿಗೆ ಹೊಡೆಯದು, ಅಂಟಿಗೂ ಜಾಗ ಹೆಚ್ಚು ಸಿಗುತ್ತದೆ.

ಕೆತ್ತನೆಯ ಹೂವೇ ಹೋಗಿದ್ದರೆ? ಒಂದು ರೂಪಾಯಿ ನಾಣ್ಯದಷ್ಟು ಸಣ್ಣದಾದರೆ ಅಚ್ಚು ಸಾಕು. ಉಳಿದ ಹೂವಿಗೆ ತೆಳ್ಳಗೆ ಮೇಣ ಹಚ್ಚಿ, ಸಿಲಿಕೋನ್ ಪುಟ್ಟಿ ಒತ್ತಿ ಅಚ್ಚು ತೆಗೆಯಿರಿ. ಬರಿ ಮರಕ್ಕೆ ಸಿಲಿಕೋನ್ ತಾಗಿದರೆ ಕಲೆ ಉಳಿಯಬಹುದು. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿಗೆ (ಎರಡು ಭಾಗ ಬೆರೆಸುವ ಅಂಟು) ಜರಡಿ ಹಿಡಿದ ಮರದ ಪುಡಿಯನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿ. ಪುಡಿ ಎಪಾಕ್ಸಿಯಲ್ಲಿ ಕಪ್ಪಾಗುತ್ತದೆ, ಆದ್ದರಿಂದ ಅರ್ಧ ಪಾಲು ತಿಳಿಬಣ್ಣದ ಮರದ ಪುಡಿ ಬೆರೆಸಿ. ಎಡಕ್ಕೆ ಬಾಗಿದ ಎಲೆಯ ಅಚ್ಚಿನಿಂದ ಬಲಕ್ಕೆ ಬಾಗಿದ ಎಲೆ ಬರುವುದಿಲ್ಲ ಎಂಬುದು ಅಚ್ಚು ತೆಗೆದ ಮೇಲೇ ಹೊಳೆಯುವುದುಂಟು. ದೊಡ್ಡ ಹೂವನ್ನು ಕೆತ್ತುವುದೇ ಸರಿ. ಕೆತ್ತುವಾಗ ಮರದ ತುಂಡನ್ನು ಕೆಲಸದ ಹಲಗೆಗೆ ನೇರವಾಗಿ ಅಂಟಿಸದೆ ನಡುವೆ ಒಂದು ಹಾಳೆ ನ್ಯೂಸ್‌ಪೇಪರ್ ಇಟ್ಟು ಅಂಟಿಸಿ. ಕೆತ್ತಿ ಮುಗಿದ ಮೇಲೆ ತೆಳು ಚಾಕು ತೂರಿಸಿದರೆ ಕಾಗದ ಸೀಳಿ ಹೂವು ಇಡಿಯಾಗಿ ಎದ್ದುಬರುತ್ತದೆ.

ಅಂಟಿಸುವ ಜಾಗದಲ್ಲಿ ಹಳೆ ಸರೇಸು ಚೂರೂ ಉಳಿಯಬಾರದು, ಅದರ ಮೇಲೆ ಫೆವಿಕಾಲ್ ಸರಿಯಾಗಿ ಹಿಡಿಯದು. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಒತ್ತಿಟ್ಟು, ಮೆತ್ತಗಾದ ಅಂಟನ್ನು ಬಿದಿರಿನ ಕಡ್ಡಿಯಿಂದ ಕೆರೆದು, ಒಂದು ದಿನ ಆರಲು ಬಿಡಿ. ಹೊಸ ಅಂಟಿಗೂ ನಮ್ಮ ಆಯ್ಕೆ ಸರೇಸೇ, ಏಕೆಂದರೆ ಮುಂದೊಮ್ಮೆ ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ. ಒಂದು ಪಾಲು ಸರೇಸಿಗೆ ತೂಕದಲ್ಲಿ ಎರಡು ಪಾಲು ನೀರು. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಗೆ ಕಾಯಿಸಿ. ಕುದಿಸಿದರೆ ಬಲ ಹೋಯಿತು. ಬೀಟೆ, ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಹೊಸ ತುಂಡಿನ ಬೆನ್ನನ್ನು ಅಂಟು ಹಚ್ಚುವ ಮುಂಚೆ ಪಾಲಿಶಿಗೆ ಬಳಸುವ (ಮಿಥೈಲೇಟೆಡ್) ಸ್ಪಿರಿಟ್‌ನಲ್ಲಿ ಒರೆಸಿ.

ಹಲಗೆಯ ಎಳೆ ಬೀಡಿಂಗಿಗೆ ಅಡ್ಡಲಾಗಿದ್ದರೆ ಮುಂದಿನ ಮೂಲೆಯ ಕಡೆ 5–7 ಸೆಂ.ಮೀ. ಮಾತ್ರ ಅಂಟು ಹಚ್ಚಿ. ಉಳಿದ ಉದ್ದಕ್ಕೆ ಎರಡು ಸಣ್ಣ ಮೊಳೆ ಸಾಕು. ಹಲಗೆ ಹಿಂದಕ್ಕೆ ಮುಂದಕ್ಕೆ ಆಡುವಷ್ಟು ಮೊಳೆಯೂ ಬಾಗಿಕೊಡುತ್ತದೆ.

ಬಣ್ಣವನ್ನು ಆದಷ್ಟು ಅಂಟಿಸುವ ಮೊದಲೇ ಹೊಂದಿಸಿ. ತುಂಡಿನ ಮೇಲೆ ಸ್ಪಿರಿಟ್ ಸವರಿದರೆ ಪಾಲಿಶ್ ಆದ ಮೇಲಿನ ಬಣ್ಣ ಆ ಕ್ಷಣಕ್ಕೆ ಕಾಣುತ್ತದೆ. ಹಳೆ ಬೀರುಗಳಿಗೆ ಸಾಮಾನ್ಯವಾಗಿ ಅರಗಿನ ಪಾಲಿಶ್ ಇರುತ್ತದೆ; ಮರೆಯಲ್ಲಿ ಸ್ಪಿರಿಟ್ ಬಟ್ಟೆ ಒತ್ತಿದಾಗ ಅಂಟಂಟಾದರೆ ಅದೇ. 100 ಗ್ರಾಂ ಅರಗಿನ ಚಕ್ಕೆಯನ್ನು 700 ಮಿ.ಲೀ. ಸ್ಪಿರಿಟ್‌ನಲ್ಲಿ ಒಂದು ರಾತ್ರಿ ಕರಗಿಸಿ, ಸೋಸಿ, ಹತ್ತಿಬಟ್ಟೆಯ ಉಂಡೆಯಿಂದ ತೆಳ್ಳಗೆ ಆರೇಳು ಸಲ ಎಳೆಯಿರಿ. ಹತ್ತಿರ ಒಲೆ ಉರಿಯುತ್ತಿರಬಾರದು. ಮಳೆ ಹಿಡಿದ ದಿನ ಈ ಕೆಲಸ ಬೇಡ, ಪಾಲಿಶ್ ಬೆಳ್ಳಗೆ ಮಂಜು ಹಿಡಿದಂತಾಗುತ್ತದೆ. ಕೊನೆಗೆ ಸಂದುಗಳಿಗಷ್ಟೇ ಕಪ್ಪು ಮೇಣ ತಿಕ್ಕಿ; ಹಳೆಯ ಪಟ್ಟಿಯ ಸಂದಿನಲ್ಲೂ ದೂಳು ಕೂತು ಕಪ್ಪಾಗಿಯೇ ಇರುತ್ತದೆ. ಹೊಸದಕ್ಕೆ ಹೊಂದಲಿ ಎಂದು ಪಕ್ಕದ ಹಳೆ ಮರಕ್ಕೆ ಮಾತ್ರ ಉಪ್ಪುಕಾಗದ ಮುಟ್ಟಿಸಬೇಡಿ.