ಪ್ಯಾಚ್ ಕಳಿಸುವ ಮುಂಚೆ ಉದ್ದದ ಲೆಕ್ಕ ನೋಡಿ

ಫೈರ್‌ವಾಲ್, ವಿಪಿಎನ್, ಟಿಎಲ್‌ಎಸ್ (ನೆಟ್‌ವರ್ಕ್ ಸಂಪರ್ಕವನ್ನು ಗುಟ್ಟಾಗಿಡುವ ವ್ಯವಸ್ಥೆ) ಥರದ ಓಪನ್ ಸೋರ್ಸ್ ಕೋಡ್‌ನ ಪ್ಯಾಚ್ (ಕೋಡ್‌ಗೆ ಮಾಡಿದ ಬದಲಾವಣೆ) ರಿವ್ಯೂ ಮಾಡುವಾಗ ಮೊದಲು ಪ್ಯಾಕೆಟ್‌ನಿಂದ ಬರುವ ಉದ್ದದ ಸಂಖ್ಯೆಯನ್ನು, ಅಂದರೆ ಡೇಟಾ ಎಷ್ಟು ಬೈಟ್ ಇದೆ ಅಂತ ಕಳಿಸಿದವರು ಹೇಳುವ ಲೆಕ್ಕವನ್ನು, ಹಿಡಿಯಿರಿ. ಅದನ್ನು ಎಲ್ಲಿ ಓದುತ್ತಾರೆ, ಎಲ್ಲಿ ಬಳಸುತ್ತಾರೆ, ನಡುವೆ ಎಲ್ಲಾದರೂ ಚೆಕ್ ಇದೆಯಾ ಅಂತ ಸಾಲು ಸಾಲಾಗಿ ನೋಡಿ. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಅನ್ನೋ ಭದ್ರತಾ ದೋಷ ನೆನಪಿದೆ ಅಲ್ವಾ? ಟಿಎಲ್‌ಎಸ್‌ಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಆ ಕೋಡ್ ಎದುರಿನವರು ಹೇಳಿದ ಉದ್ದವನ್ನು ಸುಮ್ನೆ ನಂಬಿತ್ತು. ಬಂದದ್ದು ಒಂದೇ ಬೈಟ್ ಇದ್ದರೂ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಮೆಮೊರಿ ಹೊರಗೆ ಹೋಗುತ್ತಿತ್ತು. ಆ ಕೋಡೂ ರಿವ್ಯೂ ದಾಟಿಯೇ ಬಂದಿತ್ತು.

ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿಯಲ್ಲಿ) ಕಾಣುವ ನಾಲ್ಕು ಸಾಲು ಸಾಲದು. ಇಡೀ ಫಂಕ್ಷನ್ ತೆರೆದು, ಎರರ್ ಬಂದಾಗ ಹೊರಬೀಳುವ ದಾರಿಗಳನ್ನೂ ಓದಿ. ಒಂದೇ ಮೆಮೊರಿ ಎರಡು ಸಲ ಫ್ರೀ ಆಗುವ (ಸಿಸ್ಟಮ್‌ಗೆ ವಾಪಸ್ ಹೋಗುವ) ತಪ್ಪು ಅಲ್ಲೇ ಅಡಗಿರುತ್ತದೆ.

ನಿಮ್ಮದೇ ಪ್ಯಾಚ್ ಆದರೆ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪುಗಳನ್ನು ಹಿಡಿಯುವ ಟೂಲ್) ಹಾಕಿ ಬಿಲ್ಡ್ ಮಾಡಿ, ಬೇಕಂತಲೇ ಕೆಡಿಸಿದ ಪ್ಯಾಕೆಟ್ ಕೊಟ್ಟು ಓಡಿಸಿ. ಆ ಪ್ಯಾಕೆಟ್ಟನ್ನೇ ಟೆಸ್ಟ್ ಆಗಿ ಸೇರಿಸಿ. ಒಂದು ಪ್ಯಾಚ್‌ಗೆ ಒಂದೇ ಬದಲಾವಣೆ ಇರಲಿ. ಸ್ಪೇಸ್ ಸರಿಮಾಡಿದ್ದನ್ನೂ ಅದರಲ್ಲೇ ತುರುಕಿದರೆ ಓದುವವರ ಕಣ್ಣು ತಪ್ಪುತ್ತದೆ.

ಇನ್ನೊಂದು, ಇದು ತುಂಬಾ ಮುಖ್ಯ. ತಪ್ಪು ದಾಳಿಗೆ ದಾರಿ ಕೊಡುವಂಥದ್ದಾದರೆ ಪ್ಯಾಚನ್ನು ಎಲ್ಲರೆದುರು ಹಾಕಬೇಡಿ. ಪ್ರಾಜೆಕ್ಟ್‌ನ ಸೆಕ್ಯುರಿಟಿ ಫೈಲ್‌ನಲ್ಲಿರುವ ವಿಳಾಸಕ್ಕೆ ಖಾಸಗಿಯಾಗಿ ಬರೆಯಿರಿ. ಹೊಸ ಆವೃತ್ತಿ ಬರುವ ಮುಂಚೆಯೇ ಪ್ಯಾಚ್ ಕಣ್ಣಿಗೆ ಬಿದ್ದರೆ, ಎಲ್ಲಿ ಹೊಡೆಯಬೇಕು ಅಂತ ದಾಳಿಕೋರರಿಗೆ ಅದೇ ತೋರಿಸಿಕೊಡುತ್ತದೆ.